ಹಾಲ್ ಟಿಕೆಟ್ಟಿನಲ್ಲಿರುವ ಮೀಸೆ ನನ್ನ ಮಗಳದಲ್ಲ

ಪ್ರವೇಶ ಪರೀಕ್ಷೆಗಳ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಬರುವ ಭಾನುವಾರ ನಿಮ್ಮ ಪಶುವೈದ್ಯ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಬೇಕಾದವಳು ಹದಿನೇಳು ವರ್ಷದ ನನ್ನ ಮಗಳು. ನೀವು ಕಳಿಸಿರುವ ಹಾಲ್ ಟಿಕೆಟ್ಟಿನಲ್ಲಿ ಹೆಸರು ಅವಳದು, ಹುಟ್ಟಿದ ದಿನ ಅವಳದು, ಸಹಿ ಅವಳದು. ಮುಖ ಮಾತ್ರ ನನ್ನದು. ಮೀಸೆ ಸಮೇತ. ತಿದ್ದಿಕೊಡಿ ಎಂದು ಮೂರು ವಾರದಿಂದ ಅಂಗಲಾಚುತ್ತಿದ್ದೇನೆ. ಫೋಟೋಕ್ಕೂ ಅಭ್ಯರ್ಥಿಗೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲವೆಂದು ಅದೇ ಟಿಕೆಟ್ಟಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದೀರಿ.

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ನಾನು ಫೋಟೋ ಸ್ಟುಡಿಯೋದವನು. ಇಪ್ಪತ್ತೆರಡು ವರ್ಷಗಳಿಂದ, ಯಾರನ್ನೇ ಸ್ಟೂಲಿನ ಮೇಲೆ ಕೂರಿಸುವ ಮೊದಲು ನಾನೇ ಕೂತು, ಬೆಳಕು ಸರಿಯಿದೆಯೇ ಎಂದು ನನ್ನದೊಂದು ಚಿತ್ರ ತೆಗೆದು ನೋಡುವುದು ನನ್ನ ಪದ್ಧತಿ. ಹಾಗಾಗಿ ನನ್ನ ಕಂಪ್ಯೂಟರಿನಲ್ಲಿ ಯಾರ ಹೆಸರಿನ ಫೋಲ್ಡರ್ ತೆರೆದರೂ ಮೊದಲನೆಯ ಚಿತ್ರ ನಾನೇ. ಮಗಳ ಅರ್ಜಿಗೆ ಆ ಮೊದಲನೆಯದನ್ನೇ ಅಪ್‌ಲೋಡ್ ಮಾಡಿಬಿಟ್ಟೆ. ಒಂದು ಸಲ ನೋಡಿ ಒತ್ತಿ ಎಂದು ನನ್ನ ಹೆಂಡತಿ ಹೇಳಿದ್ದಳು. ಊರಿಗೆಲ್ಲ ಅರ್ಜಿಯ ಫೋಟೋ ತೆಗೆಯುವವನಿಗೇ ಪಾಠವೇ ಎಂದು ಗತ್ತಿನಿಂದ ಒತ್ತಿದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನನ್ನು ನೋಡಿಯೇ ಇರಬೇಕು. ಅಂದಿನಿಂದ ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಆದರೆ ಸ್ವಾಮಿ, ನನಗೆ ಕಣ್ಣಿರಲಿಲ್ಲ ಸರಿ, ನಿಮ್ಮ ಕಚೇರಿಗೂ ಇರಲಿಲ್ಲವೇ? 'ಪರಿಶೀಲಿಸಲಾಗಿದೆ' ಎಂಬ ಮುದ್ರೆ ನನ್ನ ಬೋಳುತಲೆಯ ಮೇಲೇ ಬಿದ್ದಿದೆಯಲ್ಲ! ಮೊದಲ ಮನವಿಗೆ ಬಂದ ಉತ್ತರ ಹೀಗಿತ್ತು: ಭಾವಚಿತ್ರ ಸ್ಪಷ್ಟವಾಗಿದೆ, ಎರಡೂ ಕಿವಿಗಳು ಕಾಣುತ್ತಿವೆ, ಬದಲಾವಣೆಯ ಅಗತ್ಯ ಕಂಡುಬಂದಿಲ್ಲ. ಫೋಟೋದವನಾಗಿ ಹಿಗ್ಗಿದೆ, ಅಪ್ಪನಾಗಿ ತಲೆ ಚಚ್ಚಿಕೊಂಡೆ. ಎರಡನೆಯ ಮನವಿಗೆ, ಅಭ್ಯರ್ಥಿಯೇ ಖುದ್ದಾಗಿ ಬರಬೇಕೆಂದರು. ಮಗಳನ್ನು ಕರೆದುಕೊಂಡು ಹೋದೆ. ಏಳನೇ ಕಿಟಕಿಯ ಗುಮಾಸ್ತರು ಟಿಕೆಟ್ ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು. ಅವಳಿಗೆ ಪಕ್ಕಕ್ಕೆ ಸರಿಯಲು ಹೇಳಿ ನನ್ನತ್ತ ತಿರುಗಿದರು.

"ಫೋಟೋ ನಿಮ್ಮನ್ನ ಸರಿಯಾಗೇ ಹೋಲುತ್ತಲ್ಲ. ಮತ್ತೇನು ನಿಮ್ಮ ತೊಂದ್ರೆ?"

ಹುಟ್ಟಿದ ವರ್ಷವನ್ನಾದರೂ ನೋಡಿ ಎಂದೆ. ಅದು ಬೇರೆ ವಿಭಾಗ ಎಂದರು.

ಹಾಗಾದರೆ ಪರೀಕ್ಷೆ ನಾನೇ ಬರೆಯಬೇಕೆ? ಮಗಳು ಅದಕ್ಕೂ ತಯಾರಿ ನಡೆಸಿದ್ದಾಳೆ. ಅದೇ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಹಸುವಿಗೆ ಎಷ್ಟು ಹೊಟ್ಟೆ ಎಂದು ಕೇಳಿದಳು. ಒಂದು ಎಂದೆ. "ಒಂದೇ ಅಪ್ಪಾ, ಆದ್ರೆ ಅದರಲ್ಲಿ ನಾಲ್ಕು ಕೋಣೆ. ನಮ್ಮನೆಗಿಂತ ಎರಡು ಜಾಸ್ತಿ," ಎಂದು ನಕ್ಕಳು. ಬೀದಿಯ ಕುಂಟುನಾಯಿಗೆ ತನ್ನ ಶಾಲೆಯ ಟೈ ಬಿಚ್ಚಿ ಪಟ್ಟಿ ಕಟ್ಟಿದವಳು ಅವಳು. ಎರಡು ವರ್ಷ ಬೆಳಗಿನ ಐದಕ್ಕೇ ಎದ್ದು ಓದಿದ್ದಾಳೆ. ನನಗೆ ಒಂದು ಮಾತೂ ಬೈದಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊನ್ನೆ ಪುಸ್ತಕ ಮುಚ್ಚಿಟ್ಟು, "ಮುಂದಿನ ವರ್ಷ ಬರೀತೀನಿ ಬಿಡಪ್ಪ," ಎಂದಳು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಆದ್ದರಿಂದ ಶನಿವಾರ ಸಂಜೆಯೊಳಗೆ ಟಿಕೆಟ್ ತಿದ್ದಿಕೊಡಿ. ಇಲ್ಲವಾದರೆ ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ನಾನೇ ಬಂದು ಕೂರುತ್ತೇನೆ. ಅಪ್ಪಿತಪ್ಪಿ ಪಾಸಾದೆನೋ, ನಾಳೆ ನಿಮ್ಮ ಮನೆಯ ನಾಯಿಗೆ ಸೂಜಿ ಹಿಡಿದು ಬರುವವನೂ ನಾನೇ, ನೆನಪಿರಲಿ. ಸರಿಯಾದ ಚಿತ್ರವನ್ನು ಇದರ ಜೊತೆ ಲಗತ್ತಿಸಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲ ಸಲ, ಬೆಳಕು ನೋಡಲು ನಾನು ಕೂರಲಿಲ್ಲ. ನೇರವಾಗಿ ಅವಳನ್ನೇ ಕೂರಿಸಿದೆ. ಬೆಳಕು ಕೊಂಚ ಕಡಿಮೆಯಾಗಿದೆ. ಮುಖ ಮಾತ್ರ ಅವಳದೇ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಹದಿನೇಳರ ಹುಡುಗಿಯಾಗಿರುವ,
ಎರಡೂ ಕಿವಿ ಸ್ಪಷ್ಟವಾಗಿ ಕಾಣುವ
ಒಬ್ಬ ಅಪ್ಪ