ರೈಲಿಲ್ಲದ ಊರಿನ ವಿಮಾನ ದರ

ಕಿವಿ ಹಿಂಡುವುದರಲ್ಲಿ ನಿಷ್ಣಾತೆಯಾದ ಅಕ್ಕನ ಘನ ಸನ್ನಿಧಿಗೆ ತಮ್ಮನ ಅರಿಕೆ.

ಇಲ್ಲಿ ಬುಲೆಟ್ ರೈಲು ಬಂದಾಗಿನಿಂದ ಅದು ಓಡುವ ದಾರಿಯಲ್ಲಿ ವಿಮಾನದ ಟಿಕೆಟ್ ಒಂದು ಜೊತೆ ಚಪ್ಪಲಿಗಿಂತ ಅಗ್ಗ. ದಿನಾ ರೈಲಿನ ದರ ನೋಡಿ ನಮ್ಮ ವಿಮಾನ ಕಂಪನಿಯ ದರ ಇಳಿಸುವುದೇ ನನ್ನ ಮಹತ್ಕಾರ್ಯ. ಆ ನಷ್ಟ ತುಂಬಲು ರೈಲಿಲ್ಲದ ಊರುಗಳಿಗೆ ಏರಿಸಬೇಕು. ನಿನ್ನೆ ಪಟ್ಟಿಯಲ್ಲಿ ನಮ್ಮೂರೇ ಬಂತು. ನನಗೆ ಕೈ ಬರಲಿಲ್ಲ.

"ಏರಿಸಯ್ಯಾ, ಅವರೇನು ನಡ್ಕೊಂಡು ಹೋಗ್ತಾರಾ?" ಎಂದರು ಸಾಹೇಬರು.

ಮೂರು ಪಟ್ಟು ಏರಿಸಿದೆ. ಈಗ ಆ ಟಿಕೆಟ್ ನನ್ನ ಎರಡು ತಿಂಗಳ ಸಂಬಳ.

ಅಪ್ಪನ ಹೃದಯದ ಆಪರೇಷನ್ನಿಗೆಂದು ಸಿಕ್ಕಿದ್ದು ಎರಡೇ ದಿನದ ರಜೆ. ಬಸ್ಸಿನಲ್ಲಿ ಬರಲಿಕ್ಕೇ ಮೂರು ದಿನ ಬೇಕು. ನಾನು ಬರಲಾರೆ, ಅಕ್ಕಾ. ಒಳಗೆ ಕರೆದೊಯ್ಯುವಾಗ ಅಪ್ಪ ನನ್ನನ್ನು ಕೇಳಿದರೆ, ಮಂಚದ ಕೆಳಗೆ ಅಡಗಿದ್ದಾನೆ, ನೀವು ಹೊರಬಂದಾಗ ಹೆದರಿಸುತ್ತಾನೆ ಎನ್ನು. ನನ್ನ ಬುದ್ಧಿ ಬಲ್ಲವರು, ನಂಬುತ್ತಾರೆ.

ಹಾಳೆಯಲ್ಲಿ ಜಾಗ ಮುಗಿಯಿತು.
ನಿನ್ನ ತಮ್ಮ