ಸೋಮವಾರದ ಗಾಡಿ ಹತ್ತುವ ಮುಂಚೆ

೨೨ ಆಗಸ್ಟ್, ಶುಕ್ರವಾರ

ನನ್ನ ಮುದ್ದು ಲಕ್ಷ್ಮೀ,

ಈ ಕಾಗದವನ್ನು ನನ್ನ ಜೊತೆ ಕೆಲಸಕ್ಕೆ ಬಂದಿದ್ದ ಹೊನ್ನೂರಮ್ಮ ನಿನ್ನ ಕೈಗೇ ಕೊಡುತ್ತಾಳೆ. ಅವ್ವನ ಫೋನಿಗೆ ಮಾಡಿದರೆ ಪಾಲಣ್ಣ ಮಾವ ಸ್ಪೀಕರ್ ಹಾಕಿಸಿಕೊಂಡು ಕೇಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯಲು ಕೂತರೆ ಎದ್ದು ಓಡಾಡಬೇಕು ಅನ್ನಿಸುತ್ತದೆ, ಎದ್ದರೆ ಮತ್ತೆ ಬಂದು ಕೂರುತ್ತೇನೆ.

ಸೋಮವಾರ ಮಾವ ಇಲ್ಲಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತುಂಬಿ, ಜಗಳೂರಿನಿಂದ ಹೊನ್ನಾಳಿಗೆ ಎರಡನೇ ಗಾಡಿ ಹೊರಡಿಸುತ್ತಾನಂತೆ. ಅದರಲ್ಲಿ ನೀನೂ ಇದ್ದೀಯ. ಹೋದ ವಾರ ‘ಬಾ, ಇಲ್ಲಿ ಎಲ್ಲಾ ಚೆನ್ನಾಗೈತೆ’ ಎಂದು ನಾನೇ ಫೋನಿನಲ್ಲಿ ಕರೆದೆ. ಆಗ ಗಾರ್ಮೆಂಟ್ಸ್ ಮ್ಯಾನೇಜರ್ ನನ್ನೆದುರಿಗೇ ಕೂತಿದ್ದರು. ಹೇಳಿದ್ದು ಸುಳ್ಳಲ್ಲ. ಹಾಸ್ಟೆಲಿನಲ್ಲಿ ಫ್ಯಾನ್ ಇದೆ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಮೆಟ್ಟಿಲಿಳಿದರೆ ಕೆಲಸ. ನಮ್ಮನ್ನು ಯಾಕೆ ಕರೆಸಿದರು ಎನ್ನುವುದನ್ನು ಮಾತ್ರ ನಾನು ಹೇಳಲಿಲ್ಲ.

ಮೊದಲ ದಿನ ನನ್ನನ್ನು ಕೂರಿಸಿದ ಮೆಷಿನ್ನಿನ ಮೇಲೆ ಯಾರೋ ಹಣೆಯ ಸ್ಟಿಕ್ಕರುಗಳನ್ನು ಸಾಲಾಗಿ ಅಂಟಿಸಿದ್ದರು. ‘ಇದು ಯಾರ ಜಾಗ ಸರ್?’ ಎಂದು ಸೂಪರ್‌ವೈಸರ್ ರಘುನಾಥ ಅವರನ್ನು ಕೇಳಿದೆ. ‘ಬಿಟ್ಟು ಹೋದೋರದ್ದು. ನೀನು ಹೊಲಿಯಮ್ಮ’ ಎಂದರು. ಆ ಸಾಲಿನಲ್ಲಿ ಹಾಗೆ ಖಾಲಿ ಇದ್ದ ಮೆಷಿನ್ನುಗಳಿಗೆಲ್ಲ ನಮ್ಮ ಕಡೆಯವರೇ ಕೂತೆವು.

ಅವರು ಬಿಟ್ಟು ಹೋಗಿರಲಿಲ್ಲ ಲಕ್ಷ್ಮೀ. ಒಂದು ಮಧ್ಯಾಹ್ನ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸೊಬ್ಬರು ಗೇಟಿನ ಹತ್ತಿರ ಬಂದು ತಮ್ಮ ಟಿಫಿನ್ ಡಬ್ಬಿ ಕೇಳಿದರು. ವಾಚ್‌ಮನ್ ಒಳಗೆ ಬಿಡಲಿಲ್ಲ. ಡಬ್ಬಿ ನನ್ನ ಮೆಷಿನ್ನಿನ ಕೆಳಗೇ ಇತ್ತು, ನಾನೇ ಒಯ್ದು ಕೊಟ್ಟೆ. ಅವರ ಹೆಸರು ಮಮತಾ, ಊರು ಸಾಸ್ವೆಹಳ್ಳಿ. ಆ ಕಡೆಯವರೂ ನ್ಯಾಮತಿ ಕಡೆಯವರೂ ದಿನಾ ಕಂಪನಿಯ ವ್ಯಾನಿನಲ್ಲೇ ಬಂದು ಹೋಗುತ್ತಿದ್ದರಂತೆ. ಇದ್ದದ್ದು ಒಂದೇ ವ್ಯಾನು. ಒಳಗೆ ಒಬ್ಬರ ತೊಡೆಯ ಮೇಲೆ ಒಬ್ಬರು. ಒಂದು ಬೆಳಿಗ್ಗೆ ನೀರಿನ ಚಾನಲ್ ಪಕ್ಕದ ತಿರುವಿನಲ್ಲಿ ಅದು ಮಗುಚಿಕೊಂಡಿತು, ಅವರ ಕೈ ಮುರಿದದ್ದು ಆಗಲೇ. ಇನ್ನೊಂದು ವ್ಯಾನು ಬಿಡುವ ತನಕ ಬರುವುದಿಲ್ಲ ಎಂದು ಎಲ್ಲರೂ ಸೇರಿ ಹೇಳಿದರು. ಅವರು ಮನೆಯಲ್ಲಿ ಕೂತ ವಾರದಲ್ಲೇ ನಮ್ಮ ಗಾಡಿ ಬಂದು ನಿಂತಿತು.

ಅವರೇ ಅಂದರು: ‘ನಿಮ್ಮೂರಾಗೆ ಕೆಲಸ ಇಲ್ಲ, ಅದಕ್ಕೆ ನೀವು ಬಂದ್ರಿ. ನಮ್ಮೂರಿಂದ ಬರಾಕೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ, ಅದಕ್ಕೆ ನಾವು ಕುಂತ್ವಿ. ನಿನ್ ಮ್ಯಾಲೆ ಸಿಟ್ಟು ಮಾಡಿ ಏನು ಮಾಡ್ಲವ್ವ.’

ಬೈದಿದ್ದರೆ ನಾನೂ ಬೈದು ಬರುತ್ತಿದ್ದೆ. ಆ ಮಾತಿನ ನಂತರ ಹೊಲಿಗೆ ನೆಟ್ಟಗೆ ಬರಲಿಲ್ಲ. ಕಾಲರ್ ಹೊಲಿದದ್ದನ್ನೇ ಬಿಚ್ಚಿದೆ, ಬಿಚ್ಚಿದ್ದನ್ನೇ ಹೊಲಿದೆ. ನ್ಯಾಮತಿಯವರ ಜಾಗಕ್ಕೂ ಸೋಮವಾರ ಜನ ಬರುತ್ತಾರೆಂದು ತಿಳಿದ ಮೇಲೆ ನಾನೂ ಹೊನ್ನೂರಮ್ಮನೂ ಮ್ಯಾನೇಜರ್ ಹತ್ತಿರ ಹೋದೆವು. ಮನೆಯಲ್ಲಿ ಕೂತವರನ್ನು ವಾಪಸ್ ಕರೆಸಿಕೊಳ್ಳಿ, ಎರಡನೇ ವ್ಯಾನು ಬಿಡಿ ಎಂದೆವು.

‘ನಿಮಗೇನಮ್ಮ ಅದು? ನಿಮಗೆ ವ್ಯಾನೇ ಬೇಕಾಗಿಲ್ವಲ್ಲ’ ಎಂದರು.

‘ನಾಳೆ ನಾವೂ ಏನಾರ ಕೇಳಿದ್ರೆ ಯಾವೂರಿಂದ ಕರ್ಕೊಂಬರ್ತೀರಿ ಸರ್?’ ಎಂದೆ.

ಅವರು ನಗುತ್ತಲೇ, ‘ಮೊಳಕಾಲ್ಮೂರಿಂದ’ ಎಂದರು. ತಮಾಷೆಯಲ್ಲ, ನಿಜವನ್ನೇ ಹೇಳಿದರು.

ಹೊನ್ನೂರಮ್ಮ ಅಂದೇ ಬಟ್ಟೆ ಕಟ್ಟಿಕೊಂಡಳು, ನಾಳೆ ಊರಿಗೆ ಹೊರಡುತ್ತಾಳೆ. ನಮ್ಮ ಕಡೆಯ ಉಳಿದವರು ಮೆಷಿನ್ನು ಬಿಟ್ಟು ಏಳಲಿಲ್ಲ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ.

ನಿನಗೆ ಕೆಲಸ ಬೇಡ ಎನ್ನುತ್ತಿಲ್ಲ. ಈರುಳ್ಳಿ ಕಿತ್ತು ಮುಗಿದ ಮೇಲೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಏನಿದೆ? ಹೊಲಿಗೆ ಕಲಿತೂ ನೀನು ಮನೆಯಲ್ಲಿ ಕೂತು ಒದ್ದಾಡುವುದು ಗೊತ್ತು. ಹೊನ್ನಾಳಿ ಪೇಟೆಯಲ್ಲಿ ಒಂದು ಸಂಜೆ ಒಬ್ಬಳೇ ನಡೆದೆ. ಯಾರ ಮಗಳು, ಎಲ್ಲಿಗೆ ಹೊರಟೆ ಎಂದು ಯಾರೂ ಕೇಳಲಿಲ್ಲ. ಆ ಸುಖ ನಿನಗೂ ಸಿಗಲಿ ಎಂಬ ಆಸೆ ನನಗಿಲ್ಲವೇ? ಆದರೆ ಈ ಗಾಡಿ ಹತ್ತಬೇಡ. ಮಾವ ಕೂಗಾಡುತ್ತಾನೆ, ಕೂಗಾಡಲಿ. ಹೊಟ್ಟೆನೋವು ಎಂದಾದರೂ ಹೇಳಿ ಉಳಿದುಬಿಡು.

ನನ್ನದು ಏನಾಗುತ್ತದೋ ನೋಡೋಣ, ಇನ್ನೂ ಏನೂ ತೀರ್ಮಾನ ಮಾಡಿಲ್ಲ. ಆರಾಮಿದ್ದೇನೆ ಎಂದು ಅವ್ವನಿಗೆ ಹೇಳು.

ನಿನ್ನ ಅಕ್ಕ,
ಶೈಲಾ

ಮರೆತ ಮಾತು: ತೀರ್ಮಾನ ಮಾಡಿಲ್ಲ ಎಂದದ್ದು ಅವ್ವನಿಗೆ, ನಿನಗಲ್ಲ. ಹಾಸ್ಟೆಲ್ ಬಿಟ್ಟು ಎರಡು ದಿನವಾಯಿತು. ಸಾಸ್ವೆಹಳ್ಳಿಯಲ್ಲಿ ಮಮತಕ್ಕನ ಮನೆಯಲ್ಲಿದ್ದೇನೆ, ಅವರ ಕೈ ವಾಸಿಯಾಗುವವರೆಗೆ ರೊಟ್ಟಿ ತಟ್ಟುವುದು ನನ್ನ ಪಾಲಿಗೆ. ಸೋಮವಾರ ಈ ಊರಿನವರು, ನ್ಯಾಮತಿಯವರು, ನಾನು, ನಾವೆಲ್ಲ ಸಿಕ್ಕಿದ ಬಸ್ಸು, ಆಟೋ ಹಿಡಿದು ಗಾರ್ಮೆಂಟ್ಸ್ ಗೇಟಿನ ಮುಂದೆ ನಿಲ್ಲುತ್ತೇವೆ. ಮಾವ ನಿನ್ನನ್ನು ಬಲವಂತವಾಗಿ ಹತ್ತಿಸಿದರೆ ಅಳಬೇಡ. ಗಾಡಿ ಇಳಿದವಳೇ ನಮ್ಮ ಕಡೆ ನಡೆದು ಬಾ. ಬುತ್ತಿಯಲ್ಲಿ ನಿನಗೂ ಎರಡು ರೊಟ್ಟಿ ಇಟ್ಟುಕೊಂಡು ಬಂದಿರುತ್ತೇನೆ.