ಗಂಟೆ ಎಂದು ಕೂಗಿದ್ದಕ್ಕೆ ನೋಟಿಸು

ಬೋಟು ಸೇವೆಯ ಮೇಲಧಿಕಾರಿಗಳಾದ ಮಾನ್ಯರೇ,

ಬೆಳಗಿನ ಬೋಟಿನಲ್ಲಿ ನಾವು ಘೋಷಣೆ ಕೂಗಿದೆವೆಂದು ಪಳ್ಳಿಕ್ಕಡವು ಜೆಟ್ಟಿಯ ಕಂಬಕ್ಕೆ ನೋಟಿಸು ಅಂಟಿಸಿದ್ದೀರಿ. ಇನ್ನೊಮ್ಮೆ ಕೂಗಿದರೆ ನಮ್ಮ ನಡುಗಡ್ಡೆಯಲ್ಲಿ ಬೋಟೇ ನಿಲ್ಲುವುದಿಲ್ಲವಂತೆ. ಆ ಘೋಷಣೆಗೆ ಕಾರಣಳಾದ ಹುಡುಗಿಯ ತಾಯಿ ನಾನು. ಕೂಗಿದವರಲ್ಲಿ ಮೊದಲಿನವಳೂ ನಾನೇ. ಕ್ಷಮಾಪಣೆಯ ಆಸೆಯಿಂದ ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ನನ್ನ ಮಗಳು ಅಲೀನಾಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಕಿವಿ ಬಲು ಚುರುಕು. ನಿಮಗೂ ನನಗೂ ಬರೀ ಸದ್ದಾಗಿ ಕೇಳುವುದು ಅವಳಿಗೆ ಮೈಮೇಲೆ ಏಟು ಬಿದ್ದ ಹಾಗಾಗುತ್ತದೆ. ಸದ್ದು ಬರುತ್ತದೆ ಎಂದು ಮುಂಚೆ ಹೇಳಿದರೆ ಕಿವಿ ಮುಚ್ಚಿಕೊಂಡು ತಡೆದುಕೊಳ್ಳುತ್ತಾಳೆ. ಅವಳು ಈ ಲೋಕದಿಂದ ಕೇಳುವುದು ಇಷ್ಟೇ. ಅವಳ ಶಾಲೆ ಕಾಯಲು ಹಿನ್ನೀರಿನ ಆಚೆ ದಡದಲ್ಲಿದೆ, ನಮಗೆ ರಸ್ತೆಯಿಲ್ಲ. ಬೋಟಿಲ್ಲದಿದ್ದರೆ ಶಾಲೆಯೂ ಇಲ್ಲ.

ನಿಮ್ಮದೇ ಬೋಟಿನ ಪದ್ಧತಿಯನ್ನು ನಿಮಗೆ ಹೇಳಬೇಕಾಗಿ ಬಂದದ್ದಕ್ಕೆ ಸಂಕೋಚವಾಗುತ್ತದೆ. ಮುಂದೆ ಚುಕ್ಕಾಣಿ ಹಿಡಿದ ಸ್ರಾಂಕ್ ತಲೆಯ ಮೇಲಿನ ಹಗ್ಗ ಎಳೆದರೆ ಇಂಜಿನ್ನಿನ ಪಕ್ಕ ಗಂಟೆ ಹೊಡೆಯುತ್ತದೆ. ಅದನ್ನು ಕೇಳಿ ಇಂಜಿನ್ನಿನವನು ವೇಗ ಏರಿಸುತ್ತಾನೆ, ಇಳಿಸುತ್ತಾನೆ. ನಮ್ಮ ಸ್ರಾಂಕ್ ಪುಷ್ಕರನ್ ಚೇಟ್ಟನ್ ಹಗ್ಗಕ್ಕೆ ಕೈಹಾಕುವ ಮೊದಲು, ಹಿಂದೆ ತಿರುಗದೆಯೇ, ತಮ್ಮ ಮಗಳನ್ನೇ ಕರೆದಂತೆ, "ಮೋಳೇ, ಗಂಟೆ!" ಅನ್ನುತ್ತಿದ್ದರು. ಮಗಳು ಕಿವಿ ಮುಚ್ಚುವಳು. ಗಂಟೆ ಹೊಡೆದು ಇಂಜಿನ್ನು ಗುಡುಗುವುದು. ಅವಳು ಕೈ ತೆಗೆದು ನೀರು ನೋಡುತ್ತ ಕೂರುವಳು. ಇದರಿಂದ ಬೋಟು ಮುಳುಗಿದ್ದನ್ನು ಯಾರೂ ಕಂಡಿಲ್ಲ.

ಆಮೇಲೆ ತಮ್ಮ ಆದೇಶ ಬಂತು: ಕರ್ತವ್ಯದಲ್ಲಿರುವ ಸಿಬ್ಬಂದಿ ಪ್ರಯಾಣಿಕರೊಡನೆ ಮಾತನಾಡತಕ್ಕದ್ದಲ್ಲ, ಸುರಕ್ಷತೆಯ ಹಿತದೃಷ್ಟಿಯಿಂದ. ಮರುದಿನ ಪುಷ್ಕರನ್ ಚೇಟ್ಟನ್ ತುಟಿ ಕಚ್ಚಿಕೊಂಡು ಹಗ್ಗ ಎಳೆದರು. ಹೇಳದೆ ಕೇಳದೆ ಹೊಡೆದ ಗಂಟೆಗೆ ಮಗಳು ಚೀರಿ ಎದ್ದು ಬೋಟಿನ ಅಂಚಿಗೆ ಓಡಿದಳು. ಮೀನು ಮಾರುವ, ನಮಗೆಲ್ಲ ಅಕ್ಕನಂತಿರುವ ಏಲಿಯಮ್ಮ ಚೇಟತ್ತಿ ತಮ್ಮ ಬುಟ್ಟಿ ಬಿಸಾಕಿ ಅವಳ ಲಂಗ ಹಿಡಿದೆಳೆಯದೆ ಇದ್ದಿದ್ದರೆ ಇವತ್ತು ನಾನು ಬೇರೆಯೇ ಪತ್ರ ಬರೆಯುತ್ತಿದ್ದೆ. ಬುಟ್ಟಿಯ ಕರಿಮೀನೆಲ್ಲ ಕಾಯಲಿನ ಪಾಲಾಯಿತು. ತಾವು ಹೇಳಿದ ಸುರಕ್ಷತೆ ಎಂದರೆ ಇದೇ ಏನು?

ಚೇಟತ್ತಿ ಏದುಸಿರು ಬಿಡುತ್ತಲೇ ಸ್ರಾಂಕನ ಮೇಲೆ ಹರಿಹಾಯ್ದರು.

"ಏನೋ ಪುಷ್ಕರಾ, ಬಾಯಿ ಬಿದ್ದೋಗಿದ್ಯಾ ನಿಂಗೆ?"

"ಆರ್ಡರ್ ಬಂದಿದೆ ಚೇಟತ್ತಿ. ಮಾತಾಡಿದ್ರೆ ಸಸ್ಪೆಂಡು."

"ಆರ್ಡರು ನಿಂಗೆ ತಾನೆ? ನಂಗಂತೂ ಬಂದಿಲ್ಲ. ನೀನು ಸುಮ್ನೆ ಕೈ ಎತ್ತು, ಕೂಗೋದು ನಾವು ನೋಡ್ಕೋತೀವಿ."

ಶುರುವಾದದ್ದು ಹೀಗೆ. ಸ್ರಾಂಕನ ಕೈ ಮೇಲೆದ್ದರೆ ಸಾಕು, ನಾನು, ಚೇಟತ್ತಿ, ನರ್ಸಿಂಗ್ ಓದುವ ಹುಡುಗಿಯರು, ಶೇಂದಿ ಇಳಿಸಿ ಬಂದ ಗಂಡಸರು, ಎಲ್ಲರೂ "ಗಂಟೆ!" ಮೊದಮೊದಲು ಒಬ್ಬೊಬ್ಬರು ಒಂದೊಂದು ದನಿಯಲ್ಲಿ ಕಿರುಚಿ ನಾವೇ ಅವಳನ್ನು ಹೆದರಿಸಿದೆವು. ಆಮೇಲೆ ದನಿ ತಗ್ಗಿಸಿ, ಎಲ್ಲರೂ ಒಟ್ಟಿಗೆ, ಒಂದೇ ಉಸಿರಿಗೆ ಹೇಳುವುದನ್ನು ಕಲಿತೆವು. ಮಗಳು ಮತ್ತೆ ಹೆದರದೆ ಶಾಲೆಗೆ ಹೋಗತೊಡಗಿದಳು.

ಅಷ್ಟು ಹೊತ್ತಿಗೆ ಹತ್ತಿದರು ತಮ್ಮ ಇನ್ಸ್‌ಪೆಕ್ಟರು. ನಮ್ಮ ಕುಟ್ಟನಾಡಿನಲ್ಲಿ ಹತ್ತು ಜನ ಒಟ್ಟಿಗೆ ಒಂದು ಮಾತು ಕೂಗಿದರೆ ಅದು ಮುಷ್ಕರವಲ್ಲದೆ ಇನ್ನೇನು? ಪಾಪ, ಅವರ ಸರ್ವೀಸು ಪೂರ್ತಿ ಅದರಲ್ಲೇ ಸವೆದಿದೆ.

"ಯಾವ ಯೂನಿಯನ್ನು? ಲೀಡರ್ ಯಾರು?" ಎಂದು ಗುಡುಗಿದರು.

ಚೇಟತ್ತಿ ಅಲೀನಾಳ ಕಡೆ ಬೆರಳು ತೋರಿದರು. "ಅಗೋ, ಕಿವಿ ಮುಚ್ಕೊಂಡು ಕೂತವ್ಳಲ್ಲ, ಅವ್ಳೇ. ಮಾತುಕತೆಗೆ ಕರೀರಿ ಸಾರ್, ಬಂದ್ರೆ ನಿಮ್ಮ ಪುಣ್ಯ."

"ತಮಾಷೆ ಬೇಡ. ನಿಮ್ಮ ಬೇಡಿಕೆ ಏನು, ಅದನ್ನ ಹೇಳಿ."

ಇಡೀ ಬೋಟು ಬಿದ್ದು ಬಿದ್ದು ನಕ್ಕಿತು. ಅಲ್ಲಿಯವರೆಗೆ ನಮಗೆ ಬೇಡಿಕೆ ಎಂಬುದೇ ಇರಲಿಲ್ಲ. ಮಾರನೆಯ ದಿನ ನೋಟಿಸು ಬಂತು.

ಮಾನ್ಯರೇ, ನನ್ನ ಮಗಳ ಹೆದರಿಕೆಗಳು ಬೇಕಾದಷ್ಟಿವೆ: ಬಲೂನು, ಕುಕ್ಕರಿನ ಸೀಟಿ, ಒದ್ದೆಯಾದ ಅಂಗಿಯ ತೋಳು. ನನಗೂ ಇವೆ. ಬಾಗಿಲಿಗೆ ಚಿಲಕ ಹಾಕಿದೆನೇ, ಒಬ್ಬಳೇ ನೀರಿನ ಕಡೆ ಹೋದಳೇ, ಹೊಟ್ಟೆನೋವು ಬಂದರೆ ಹೇಳಿಕೊಳ್ಳುವಳೇ. ನಾನು ಸತ್ತ ಮೇಲೆ ಇವಳಿಗೆ ಮುಂಚಿತವಾಗಿ ಹೇಳುವವರು ಯಾರು ಎಂಬುದು ಎಲ್ಲಕ್ಕಿಂತ ದೊಡ್ಡದು. ಆ ಹೆದರಿಕೆ ನಿಮ್ಮ ಬೋಟಿನಲ್ಲಿ ಮಾತ್ರ ಸ್ವಲ್ಪ ಇಳಿದಿತ್ತು. ಅಷ್ಟು ಜನ ನನ್ನ ಮಗಳಿಗಾಗಿ ಬಾಯಿ ತೆರೆದದ್ದನ್ನು ಕಂಡು ನಾನು ಸೆರಗು ಮುಖಕ್ಕೆ ಒತ್ತಿಕೊಂಡು ಅತ್ತಿದ್ದೇನೆ. ಅದನ್ನು ತಾವು ಅಪರಾಧವೆಂದಿರಿ.

ತಾವಾಗಿಯೇ ಕೇಳಿದ್ದರಿಂದ ಬೇಡಿಕೆ ಈಗ ಇಡುತ್ತಿದ್ದೇನೆ. ಜೆಟ್ಟಿಯ ನೋಟಿಸು ಕಿತ್ತು ಹಾಕಿ. ಸ್ರಾಂಕನ ಬಾಯಿಗೆ ಹಾಕಿದ ಬೀಗ ತೆಗೆಯಿರಿ. ಎರಡೂ ಈ ವಾರದೊಳಗೆ ಆಗಬೇಕು. ಆಗದಿದ್ದರೂ ಸೋಮವಾರದ ಬೆಳಗಿನ ಬೋಟಿಗೆ ನಾವು ಬರುತ್ತೇವೆ, ಕೂಗುತ್ತೇವೆ. ಬೋಟು ನಿಲ್ಲದೆ ಹೋದರೆ ನಡುಗಡ್ಡೆಯ ದೋಣಿಗಳನ್ನೆಲ್ಲ ಸಾಲಾಗಿ ಕಟ್ಟಿ ಅದರ ದಾರಿಗೆ ಅಡ್ಡ ನಿಲ್ಲಿಸುತ್ತೇವೆ. ಮುಷ್ಕರ ಎಂದರೆ ಏನೆಂದು ಆಗ ತಮ್ಮ ಇನ್ಸ್‌ಪೆಕ್ಟರಿಗೆ ಸರಿಯಾಗಿ ಗೊತ್ತಾಗುತ್ತದೆ.

ದೊಡ್ಡ ಸದ್ದಿಗೆ ಮೊದಲು ತಿಳಿಸುವುದು ನಮ್ಮ ಬೋಟಿನವರ ರೂಢಿ. ತಿಳಿಸಿದ್ದೇನೆ. ಬೇಕಿದ್ದರೆ ಕಿವಿ ಮುಚ್ಚಿಕೊಳ್ಳಿ.

ಇಂತಿ,
ಸದ್ಯಕ್ಕೆ ಘೋಷಣೆಯ ಆರೋಪಿ, ಉಳಿದ ಹೊತ್ತಿನಲ್ಲಿ ಅಲೀನಾಳ ಅಮ್ಮ,
ಜೆಸ್ಸಿಮೋಳ್
ಪಳ್ಳಿಕ್ಕಡವು ಜೆಟ್ಟಿ (ಬೋಟು ಇನ್ನೂ ನಿಲ್ಲುತ್ತಿದ್ದರೆ)